ಡಿ'ಸೋಜಾ ಅವರ ಬುಕಿಂಗ್ ಯಾಕೆ ನಿಲ್ಲುತ್ತದೆ? ವೆಬ್ ಫಾರ್ಮ್‌ಗೆ ಬರುವ ಮಾಹಿತಿಯನ್ನು ಸುರಕ್ಷಿತವಾಗಿ ಪಡೆಯುವ ಬಗೆ

ಕಾರವಾರದಿಂದ ಭಟ್ಕಳದವರೆಗೆ ಕರಾವಳಿಯಲ್ಲಿ ಈಗ ಹೋಂಸ್ಟೇ ಇಲ್ಲದ ಊರು ಹುಡುಕಬೇಕು. ಹೋಂಸ್ಟೇ ಇದ್ದಲ್ಲಿ ಒಂದು ವೆಬ್‌ಸೈಟ್, ವೆಬ್‌ಸೈಟ್ ಇದ್ದಲ್ಲಿ ಒಂದು ಬುಕಿಂಗ್ ಫಾರ್ಮ್. ಮಾಡಿಕೊಟ್ಟವರು ಮಾಲೀಕರ ಅಕ್ಕನ ಮಗನೋ, ಡಿಪ್ಲೊಮಾ ಮುಗಿಸಿದ ಪಕ್ಕದ ಮನೆ ಹುಡುಗಿಯೋ ಆಗಿರುತ್ತಾರೆ. ಕಡಿಮೆ ದರದ ಶೇರ್ಡ್ ಹೋಸ್ಟಿಂಗ್, ಕೋಡ್ ಬರೆಯಲು ಪಿಎಚ್‌ಪಿ ಭಾಷೆ, ಮಾಹಿತಿ ಇಡಲು ಮೈಎಸ್‌ಕ್ಯೂಎಲ್ ಡೇಟಾಬೇಸ್. ಅದರಲ್ಲಿ ತಪ್ಪೇನಿಲ್ಲ. ಈ ಬರಹ ಅಂಥ ಸೈಟ್ ಕಟ್ಟುವವರಿಗೆ, ಅದನ್ನು ಬೇರೆಯವರ ಕೈಯಿಂದ ಪಡೆದು ನಡೆಸುತ್ತಿರುವವರಿಗೆ.

ನಮ್ಮ ಕಡೆಯ ಒಂದು ಸಾಮಾನ್ಯ ಅಡ್ಡಹೆಸರನ್ನೇ ತೆಗೆದುಕೊಳ್ಳಿ: ಡಿ'ಸೋಜಾ. ನಡುವೆ ಒಂದು ಚಿಕ್ಕ ಗೀಟು ಇದೆ ನೋಡಿ. ಆ ಗೀಟು ಇರುವ ಹೆಸರನ್ನು ಫಾರ್ಮ್‌ಗೆ ಹಾಕಿ ಬಟನ್ ಒತ್ತಿದರೆ ಎಷ್ಟೋ ಸೈಟ್‌ಗಳಲ್ಲಿ ಬಿಳಿ ಪುಟ ಬರುತ್ತದೆ. ಕೆಲವು ಸೈಟ್‌ಗಳು 'ಹೆಸರು ಸರಿಯಿಲ್ಲ' ಅನ್ನುತ್ತವೆ. ಇನ್ನು ಕೆಲವದರಲ್ಲಿ ಬುಕಿಂಗ್ ಆಗುತ್ತದೆ, ಆದರೆ ಬಿಲ್ ಮೇಲೆ ಡಿ&#039;ಸೋಜಾ ಎಂದು ಪ್ರಿಂಟ್ ಆಗುತ್ತದೆ. ಮೂರೂ ಬೇರೆ ಬೇರೆ ತಪ್ಪು. ಮೊದಲನೆಯದು ಕಳ್ಳನಿಗೆ ಬಾಗಿಲು ತೆರೆದಿಟ್ಟಂತೆ. ಎರಡನೆಯದು ಗ್ರಾಹಕರಿಗೆ ಅವಮಾನ. ಮೂರನೆಯದು ಎಲ್ಲವನ್ನೂ ಒಳಗೆ ಬರುವಾಗಲೇ 'ತೊಳೆದು' ಇಡಬೇಕು ಎಂಬ ಹಳೇ ಅಭ್ಯಾಸದ ಫಲ.

ನನ್ನ ಅಭಿಪ್ರಾಯ ಇಷ್ಟೇ: ಬಂದ ಮಾಹಿತಿಯನ್ನು ತೊಳೆಯಲು ಹೋಗಬೇಡಿ. ಒಳಗೆ ಬರುವಾಗ ಅದು ನೀವು ಕೇಳಿದ್ದೇ ಹೌದಾ ಎಂದು ನೋಡಿ. ಹೌದಾದರೆ ಇದ್ದ ಹಾಗೆ ಇಟ್ಟುಕೊಳ್ಳಿ, ಅಲ್ಲವಾದರೆ ವಾಪಸ್ ಕಳಿಸಿ. ಮತ್ತೆ ಹೊರಗೆ ಹೋಗುವಾಗ, ಎಲ್ಲಿಗೆ ಹೋಗುತ್ತಿದೆ ಎಂದು ನೋಡಿ ಅಲ್ಲಿಗೆ ತಕ್ಕ ಹಾಗೆ ಕಟ್ಟಿ ಕಳಿಸಿ. ಗೀಟು ತನ್ನಷ್ಟಕ್ಕೆ ಅಪಾಯವಲ್ಲ. ಡೇಟಾಬೇಸ್‌ಗೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ವಾಕ್ಯದಂಥ ಕಡೆ ಹಾಗೇ ಹೋದಾಗ ಮಾತ್ರ ಅಪಾಯ.

ಉದಾಹರಣೆಗೆ ಗೋಕರ್ಣದ ಓಂ ಬೀಚ್ ಹತ್ತಿರ ನಾಲ್ಕು ಕೋಣೆಯ ಒಂದು ಹೋಂಸ್ಟೇ ಇದೆ ಎಂದುಕೊಳ್ಳೋಣ. ಫಾರ್ಮ್‌ನಲ್ಲಿ ಹೆಸರು, ಮೊಬೈಲ್, ಬರುವ ದಿನ, ಹೋಗುವ ದಿನ, ದೊಡ್ಡವರೆಷ್ಟು, ಮಕ್ಕಳೆಷ್ಟು, ಕೋಣೆ, ಊಟ, ಗಾಡಿ ನಂಬರ್, ಗುರುತಿನ ಚೀಟಿಯ ಫೋಟೊ, ಕೊನೆಗೆ 'ಬೇರೆ ಏನಾದರೂ ಹೇಳುವುದಿದ್ದರೆ' ಎಂಬ ಖಾಲಿ ಜಾಗ.

ಹೆಜ್ಜೆ 1: ಮಾಹಿತಿ ಎಲ್ಲಿಂದೆಲ್ಲ ಬರುತ್ತದೆ, ಪಟ್ಟಿ ಮಾಡಿ

ಫಾರ್ಮ್‌ನ ಖಾನೆಗಳು ಕಣ್ಣಿಗೆ ಕಾಣುತ್ತವೆ. ಕಾಣದವು ಜಾಸ್ತಿ. ಯುಆರ್‌ಎಲ್‌ನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಕೋಣೆ ಸಂಖ್ಯೆ, ಕುಕಿ, ಬ್ರೌಸರ್ ತನ್ನ ಹೆಸರು ಹೇಳುವ ಹೆಡರ್, ಪೇಮೆಂಟ್ ಗೇಟ್‌ವೇಯಿಂದ ಬರುವ ಉತ್ತರ, ಟ್ರಾವೆಲ್ ಏಜೆಂಟ್ ಕಳಿಸುವ ಎಕ್ಸೆಲ್ ಶೀಟ್, ಅಪ್‌ಲೋಡ್ ಮಾಡಿದ ಫೈಲ್‌ನ ಹೆಸರು ಕೂಡ. ನಿಮ್ಮ ಕೋಡ್ ಬರೆಯದ್ದು ಏನೇ ಇದ್ದರೂ ಅದು ಹೊರಗಿನದು.

ಇದರಲ್ಲಿ ಹೆಚ್ಚು ಜನ ಬೀಳುವ ಹಳ್ಳ ಹಿಡನ್ ಫೀಲ್ಡ್. ಕೋಣೆಯ ಬಾಡಿಗೆ 1800 ರೂಪಾಯಿ ಎಂದು ಫಾರ್ಮ್‌ನೊಳಗೆ ಬಚ್ಚಿಟ್ಟಿರುತ್ತಾರೆ, ಸಬ್ಮಿಟ್ ಆದಾಗ ಅದೇ ಮೊತ್ತವನ್ನು ಪೇಮೆಂಟ್‌ಗೆ ಕಳಿಸುತ್ತಾರೆ. ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು, ಪುಟದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಇನ್‌ಸ್ಪೆಕ್ಟ್ ಆರಿಸಿ. ಆ ಖಾನೆ ಅಲ್ಲೇ ಕಾಣುತ್ತದೆ. 1800ರ ಮೇಲೆ ಎರಡು ಸಲ ಕ್ಲಿಕ್ ಮಾಡಿ 1 ಎಂದು ತಿದ್ದಿ, ಎಂಟರ್ ಒತ್ತಿ, ಫಾರ್ಮ್ ಕಳಿಸಿ. ಸರ್ವರ್‌ಗೆ 1 ರೂಪಾಯಿ ತಲುಪುತ್ತದೆ. ಹ್ಯಾಕಿಂಗ್ ಕಲಿಯಬೇಕಿಲ್ಲ, ಕಾಲೇಜು ಹುಡುಗರು ಸುಮ್ನೆ ತಮಾಷೆಗೆ ಮಾಡುತ್ತಾರೆ. ಹಾಗಾಗಿ ಫಾರ್ಮ್‌ನಿಂದ ಕೋಣೆಯ ಸಂಖ್ಯೆ ಮತ್ತು ದಿನಾಂಕ ಮಾತ್ರ ತೆಗೆದುಕೊಳ್ಳಿ. ಬೆಲೆಯನ್ನು ಡೇಟಾಬೇಸ್‌ನಿಂದ ಓದಿ ಸರ್ವರ್‌ನಲ್ಲೇ ಲೆಕ್ಕ ಹಾಕಿ. ಪೇಮೆಂಟ್ ಆಯಿತು ಎಂಬ ಸುದ್ದಿಯನ್ನೂ ಬ್ರೌಸರ್ ಹೇಳಿತು ಎಂದು ನಂಬಬೇಡಿ. ಗೇಟ್‌ವೇ ಕಳಿಸುವ ಸಹಿಯನ್ನು ತಾಳೆ ನೋಡಿದ ಮೇಲೆಯೇ ಬುಕಿಂಗ್ ಖಾತ್ರಿ ಮಾಡಿ.

ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಪರೀಕ್ಷೆ, ಎಚ್‌ಟಿಎಂಎಲ್‌ನ ರಿಕ್ವೈರ್ಡ್, ಮ್ಯಾಕ್ಸ್‌ಲೆಂಗ್ತ್ ಇವೆಲ್ಲ ಗ್ರಾಹಕರ ಅನುಕೂಲಕ್ಕೆ. ಇರಲಿ. ಆದರೆ ಸರ್ವರ್‌ನಲ್ಲಿ ಅದೇ ಪರೀಕ್ಷೆ ಮತ್ತೊಮ್ಮೆ ಇರಲೇಬೇಕು.

ಹೆಜ್ಜೆ 2: ಒಂದೇ ಜಾಗದಲ್ಲಿ ಪಡೆಯಿರಿ

ಹಳೇ ಸೈಟ್‌ಗಳಲ್ಲಿ ಪೋಸ್ಟ್ ಅರೇಯನ್ನು (ಫಾರ್ಮ್‌ನಿಂದ ಬಂದದ್ದನ್ನು ಪಿಎಚ್‌ಪಿ ಇಟ್ಟುಕೊಳ್ಳುವ ಪಟ್ಟಿ) ಕೋಡಿನ ಮೂಲೆ ಮೂಲೆಯಲ್ಲೂ ನೇರ ಓದಿರುತ್ತಾರೆ. ಒಂದು ಖಾನೆ ಎಲ್ಲಿ ಪರೀಕ್ಷೆಯಾಯಿತು, ಎಲ್ಲಿ ತಪ್ಪಿತು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಬುಕಿಂಗ್‌ಗೆ ಒಂದು ಫಂಕ್ಷನ್ ಬರೆಯಿರಿ. ಎಲ್ಲ ಖಾನೆಗಳೂ ಅಲ್ಲೇ ಬರಲಿ, ಅಲ್ಲೇ ಪರೀಕ್ಷೆಯಾಗಲಿ. ಮುಂದಿನ ಕೋಡ್ ಆ ಫಂಕ್ಷನ್ ಕೊಟ್ಟಿದ್ದನ್ನು ಮಾತ್ರ ಮುಟ್ಟಲಿ. ಲಾರಾವೆಲ್ ಬಳಸುವವರಿಗೆ ರಿಕ್ವೆಸ್ಟ್ ವ್ಯಾಲಿಡೇಶನ್, ಜಾಂಗೊ ಬಳಸುವವರಿಗೆ ಫಾರ್ಮ್ ಕ್ಲಾಸ್ ಇದೇ ಕೆಲಸ ಮಾಡುತ್ತವೆ (ಎರಡೂ ಸೈಟ್ ಕಟ್ಟುವ ಸಿದ್ಧ ಚೌಕಟ್ಟುಗಳು).

ರಿಕ್ವೆಸ್ಟ್ ಅರೇ ಬಳಸಬೇಡಿ. ಯುಆರ್‌ಎಲ್‌ನಿಂದ ಬಂದ ಗೆಟ್, ಫಾರ್ಮ್‌ನಿಂದ ಬಂದ ಪೋಸ್ಟ್, ಸರ್ವರ್‌ನ ಸೆಟ್ಟಿಂಗ್ ಹಾಗಿದ್ದರೆ ಕುಕಿ ಕೂಡ ಅದರಲ್ಲಿ ಒಂದಾಗಿ ಬೆರೆತಿರುತ್ತವೆ. ಎಲ್ಲಿಂದ ಬಂತು ಎಂಬುದೇ ಗೊತ್ತಾಗುವುದಿಲ್ಲ.

ಬರಿ ಪಿಎಚ್‌ಪಿ ಆದರೆ ಫಿಲ್ಟರ್_ಇನ್‌ಪುಟ್ ಎಂಬ ಫಂಕ್ಷನ್ ಇದೆ, 5.2ನೇ ಆವೃತ್ತಿಯಿಂದಲೂ. ಒಳ್ಳೆಯದೇ, ಆದರೆ ಅದರ ಸ್ವಭಾವ ತಿಳಿದಿರಬೇಕು. ಯಾವ ಫಿಲ್ಟರ್ ಎಂದು ಹೇಳದೆ ಕರೆದರೆ ಅದು ಏನನ್ನೂ ಸೋಸುವುದಿಲ್ಲ. ಬಂದಿದ್ದನ್ನು ಬಂದ ಹಾಗೇ ಕೊಡುತ್ತದೆ. ಹೆಸರು ನೋಡಿ ಸುರಕ್ಷಿತ ಎಂದುಕೊಂಡವರು ಬಹಳ ಮಂದಿ. ಇನ್ನೊಂದು, ಅದು ಕೊಡುವ ಉತ್ತರ ಮೂರು ಬಗೆ. ಖಾನೆಯೇ ಬರದಿದ್ದರೆ ನಲ್ (ಏನೂ ಇಲ್ಲ), ಬಂದದ್ದು ಪರೀಕ್ಷೆಯಲ್ಲಿ ಸೋತರೆ ಫಾಲ್ಸ್ (ಸುಳ್ಳು), ಗೆದ್ದರೆ ಬೆಲೆ, ಅಂದರೆ ಖಾನೆಯಲ್ಲಿ ಬಂದದ್ದೇ. ಈಗ 'ಮಕ್ಕಳೆಷ್ಟು' ಎಂಬ ಖಾನೆಗೆ ಬನ್ನಿ. ಮಕ್ಕಳಿಲ್ಲದ ದಂಪತಿ 0 ಎಂದು ಹಾಕುತ್ತಾರೆ. ಉತ್ತರ 0. ಪಿಎಚ್‌ಪಿಯಲ್ಲಿ ಸಾದಾ 'ಇಲ್ಲ' ಪರೀಕ್ಷೆ ಮಾಡಿದರೆ 0, ಫಾಲ್ಸ್, ನಲ್ ಮೂರೂ ಒಂದೇ. ಸರಿಯಾಗಿ ತುಂಬಿದ ಫಾರ್ಮ್ ವಾಪಸ್ ಹೋಗುತ್ತದೆ, ದಂಪತಿಗೆ ಯಾಕೆಂದು ಗೊತ್ತಾಗುವುದಿಲ್ಲ. ಅದಕ್ಕೇ ಮೂರು ಸಮಚಿಹ್ನೆಯ (===) ಹೋಲಿಕೆ ಬಳಸಿ: ಉತ್ತರ ಫಾಲ್ಸ್‌ಗೇ ಸಮನಾ, ನಲ್‌ಗೇ ಸಮನಾ ಎಂದು ಬೇರೆ ಬೇರೆ ಕೇಳಿ.

ಮತ್ತೊಂದು ಕುತಂತ್ರ: ಖಾನೆಯ ಹೆಸರಿನ ಕೊನೆಗೆ [ ] ಹಾಕಿ ಕಳಿಸಿದರೆ ಪಿಎಚ್‌ಪಿ ಅದನ್ನು ಅರೇ ಎಂದು ತೆಗೆದುಕೊಳ್ಳುತ್ತದೆ. ನೀವು ಪಠ್ಯ ಬರುತ್ತದೆ ಎಂದು ಕಾದಿದ್ದರೆ ಪಿಎಚ್‌ಪಿ 8ರಲ್ಲಿ ಪುಟ ಅಲ್ಲೇ ಒಡೆಯುತ್ತದೆ. ಬಂದದ್ದು ಪಠ್ಯವೇ ಹೌದಾ ಎಂಬುದು ಮೊದಲ ಪ್ರಶ್ನೆಯಾಗಿರಲಿ.

ಹೆಜ್ಜೆ 3: ಒಂದೊಂದು ಖಾನೆಗೂ ಅದರದೇ ನಿಯಮ

ಶಿರಸಿಯ ಮಂಡಿಯಲ್ಲಿ ಅಡಿಕೆ ಆರಿಸುವವರು ಏನೇನು ಬೇಡ ಎಂದು ಪಟ್ಟಿ ಹಿಡಿದು ಕೂರುವುದಿಲ್ಲ. ರಾಶಿ ಹೇಗಿರಬೇಕು, ಚಾಲಿ ಹೇಗಿರಬೇಕು ಎಂದು ಕಣ್ಣಿಗೆ ಗೊತ್ತು, ಹೊಂದದ್ದು ಪಕ್ಕಕ್ಕೆ. ಇಲ್ಲೂ ಅಷ್ಟೇ. 'ಸ್ಕ್ರಿಪ್ಟ್ ಎಂಬ ಪದ ಬೇಡ, ಸೆಮಿಕೋಲನ್ ಬೇಡ, ಯೂನಿಯನ್ ಬೇಡ' ಎಂದು ಬೇಡದ್ದರ ಪಟ್ಟಿ ಮಾಡಿದರೆ ಅದು ಮುಗಿಯುವುದೂ ಇಲ್ಲ, ಕಾಯುವುದೂ ಇಲ್ಲ. ಏನು ಬೇಕು ಎಂದು ಹೇಳಿ.

ಕೋಣೆ ಮತ್ತು ಊಟ ಸುಲಭ. ನಾಲ್ಕು ಕೋಣೆ, ಎರಡು ಬಗೆ ಊಟ: ಸಸ್ಯಾಹಾರ, ಮೀನೂಟ. ಬಂದ ಬೆಲೆ ಈ ಪಟ್ಟಿಯಲ್ಲಿ ಇದೆಯಾ ಎಂದು ನೋಡಿ. ಇನ್_ಅರೇ ಬಳಸಿದರೆ ಮೂರನೇ ಜಾಗದಲ್ಲಿ ಟ್ರೂ ಕೊಡಿ, ಇಲ್ಲದಿದ್ದರೆ ಹೋಲಿಕೆ ಸಡಿಲವಾಗುತ್ತದೆ. ಡ್ರಾಪ್‌ಡೌನ್‌ನಲ್ಲಿ ಎರಡೇ ಆಯ್ಕೆ ಇದೆಯಲ್ಲ ಎಂದು ಬಿಡಬೇಡಿ. ಡ್ರಾಪ್‌ಡೌನ್ ಅನ್ನೂ ಇನ್‌ಸ್ಪೆಕ್ಟ್‌ನಲ್ಲಿ ತಿದ್ದಬಹುದು.

ಸಂಖ್ಯೆಗಳಿಗೆ ಕನಿಷ್ಠ, ಗರಿಷ್ಠ ಎರಡೂ ಇರಲಿ. ದೊಡ್ಡವರು 1ರಿಂದ 12, ಮಕ್ಕಳು 0ಯಿಂದ 8, ಹೀಗೆ. ಋಣ ಸಂಖ್ಯೆ ಬಂದರೆ ಬಿಲ್ ಕಡಿಮೆಯಾಗುವ ಸೈಟ್‌ಗಳಿವೆ! ಪಿಎಚ್‌ಪಿಯ ಪೂರ್ಣಾಂಕ ಫಿಲ್ಟರ್‌ಗೆ ಈ ಮಿತಿಗಳನ್ನು ನೇರ ಕೊಡಬಹುದು. ಆದರೆ ಅದು 02 ಎಂಬುದನ್ನು ಒಪ್ಪುವುದಿಲ್ಲ, ಕನ್ನಡ ಅಂಕಿ ೨ನ್ನೂ ಒಪ್ಪುವುದಿಲ್ಲ. ಕನ್ನಡ ಕೀಬೋರ್ಡ್ ಹಾಕಿಕೊಂಡವರು ಕನ್ನಡ ಅಂಕಿ ಒತ್ತುವುದು ಸಹಜ. ೦ಯಿಂದ ೯ರವರೆಗಿನ ಅಂಕಿಗಳನ್ನು 0ಯಿಂದ 9ಕ್ಕೆ ಬದಲಿಸುವ ಒಂದು ಸಾಲು ಮೊದಲೇ ಇಟ್ಟುಬಿಡಿ. ಪೈಥಾನ್‌ನಲ್ಲಿ ಕಥೆ ಉಲ್ಟಾ: ಅದರ ಇಂಟ್ ಫಂಕ್ಷನ್ ಕನ್ನಡ ಅಂಕಿಯನ್ನು ತಾನೇ ಓದಿಕೊಳ್ಳುತ್ತದೆ. ಪಠ್ಯ ಹೇಗಿರಬೇಕು ಎಂದು ಪ್ಯಾಟರ್ನ್ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನ 'ಅಂಕಿ' ಚಿಹ್ನೆಯೂ (\d) ಕನ್ನಡ ಅಂಕಿಯನ್ನು ಹಿಡಿಯುತ್ತದೆ. ಹಾಗಾಗಿ ಅಂಕಿ ಬೇಕಾದಲ್ಲಿ [0-9] ಎಂದು ಬಿಡಿಸಿಯೇ ಬರೆಯಿರಿ.

ಮೊಬೈಲ್ ನಂಬರ್ ಅಂಕಿಗಳಿಂದ ಆಗಿದ್ದರೂ ಸಂಖ್ಯೆಯಲ್ಲ, ಪಠ್ಯ. ಕಾರವಾರದ ಸ್ಥಿರ ದೂರವಾಣಿ 08382ರಿಂದ ಶುರು, ಶಿರಸಿಯದು 08384. ಸಂಖ್ಯೆ ಎಂದು ಇಟ್ಟರೆ ಮೊದಲ ಸೊನ್ನೆ ಹೋಯಿತು. ಜಾಗ, ಅಡ್ಡಗೆರೆ, ಆವರಣ ಚಿಹ್ನೆ ತೆಗೆದು, ಮುಂದಿನ +91 ಬಿಡಿಸಿ, ಉಳಿದದ್ದು 10 ಅಂಕಿಯಿದ್ದು 6, 7, 8 ಅಥವಾ 9ರಿಂದ ಶುರುವಾದರೆ ಅದು ಭಾರತದ ಮೊಬೈಲ್. ಗೋಕರ್ಣ ಅಲ್ವಾ, ಇಸ್ರೇಲ್, ರಷ್ಯಾ, ಜರ್ಮನಿಯವರೂ ಬರುತ್ತಾರೆ. + ಚಿಹ್ನೆಯಿಂದ ಶುರುವಾಗಿ ಹೆಚ್ಚೆಂದರೆ 15 ಅಂಕಿ ಇರುವ ನಂಬರ್‌ಗೂ ದಾರಿ ಬಿಡಿ, ಅಂತಾರಾಷ್ಟ್ರೀಯ ಮಿತಿ ಅದೇ. ಪ್ಯಾಟರ್ನ್‌ನ ಕೊನೆಯಲ್ಲಿ $ ಹಾಕಿದರೆ ಕೊನೆಗೊಂದು ಹೊಸಸಾಲಿನ ಅಕ್ಷರ ನುಸುಳಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಪಿಎಚ್‌ಪಿಯಲ್ಲಿ ದೊಡ್ಡಕ್ಷರದ ಡಿ (D) ಮಾಡಿಫೈಯರ್ ಸೇರಿಸಿದರೆ ಆ ಸಂದಿ ಮುಚ್ಚುತ್ತದೆ.

ಗಾಡಿ ನಂಬರ್‌ಗೆ ಬಿಗಿ ಪ್ಯಾಟರ್ನ್ ಬರೆಯಲು ಕೈ ತುರಿಸುತ್ತದೆ. ಕೆಎ 30 ಕಾರವಾರ, ಕೆಎ 31 ಶಿರಸಿ, ಕೆಎ 47 ಹೊನ್ನಾವರ, ಎರಡು ಅಕ್ಷರ ಎರಡು ಅಂಕಿ ಎಂದು. ಆದರೆ 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ವರ್ಷದ ಅಂಕಿಯಿಂದ ಶುರುವಾಗುತ್ತದೆ. ಅಕ್ಷರ, ಅಂಕಿ, ಜಾಗ, ಅಡ್ಡಗೆರೆ, ಒಟ್ಟು 15ರೊಳಗೆ, ಇಷ್ಟು ಸಾಕು. ಆ ನಂಬರ್ ನಿಮಗೆ ಬೇಕಾಗಿರುವುದು ಗೇಟಿನ ಹತ್ತಿರ ಗುರುತು ಹಿಡಿಯಲು ಮಾತ್ರ.

ದಿನಾಂಕದಲ್ಲಿ ಎರಡು ಮೋಸ ಇದೆ. ಪಿಎಚ್‌ಪಿಗೆ ಫೆಬ್ರವರಿ 30 ಕೊಟ್ಟರೆ ತಕರಾರಿಲ್ಲದೆ ಮಾರ್ಚ್ 2 (ಅಧಿಕ ವರ್ಷವಾದರೆ ಮಾರ್ಚ್ 1) ಮಾಡಿಕೊಂಡುಬಿಡುತ್ತದೆ. ಓದಿದ ದಿನಾಂಕವನ್ನು ಮತ್ತೆ ಅದೇ ರೂಪದಲ್ಲಿ ಬರೆಸಿ, ಗ್ರಾಹಕರು ಕೊಟ್ಟದ್ದಕ್ಕೆ ತಾಳೆಯಾಗುತ್ತದಾ ನೋಡಿ. ಎರಡನೆಯದು ಸಮಯ ವಲಯ. ಸರ್ವರ್ ಯುಟಿಸಿಯಲ್ಲಿದ್ದರೆ (ಜಾಗತಿಕ ಪ್ರಮಾಣ ಸಮಯ) ನಮ್ಮಲ್ಲಿ ಬೆಳಗಿನ ಜಾವ 5:30ರವರೆಗೆ ಅದಕ್ಕೆ ಇನ್ನೂ ನಿನ್ನೆಯೇ. 'ಇಂದಿಗಿಂತ ಹಿಂದಿನ ದಿನ ಬೇಡ' ಎಂಬ ನಿಯಮ ರಾತ್ರಿ ಬಸ್ಸಿನಲ್ಲಿ ಕೂತು ಬುಕ್ ಮಾಡುವವರ ಹತ್ತಿರ ಎಡವುತ್ತದೆ. ವಲಯವನ್ನು ಏಷ್ಯಾ/ಕೋಲ್ಕತಾ ಎಂದು ಹೊಂದಿಸಿ. ಹೋಗುವ ದಿನ ಬರುವ ದಿನಕ್ಕಿಂತ ಮುಂದಿರಬೇಕು ಎಂಬುದನ್ನು ಮರೆಯಬೇಡಿ.

ಹೆಸರಿಗೆ ಬಂದಾಗ ಕೈ ಹಗುರವಿರಲಿ

ಎಲ್ಲಕ್ಕಿಂತ ಕಷ್ಟದ ಖಾನೆ ಹೆಸರು. ಇಂಗ್ಲಿಷ್ ಅಕ್ಷರ ಮಾತ್ರ ಎಂದು ನಿಯಮ ಹಾಕಿದರೆ ಡಿ'ಸೋಜಾ ಹೊರಗೆ, ಜಿ. ಎನ್. ಭಟ್ಟರು ಹೊರಗೆ, ಕನ್ನಡದಲ್ಲಿ ಬರೆದವರೆಲ್ಲ ಹೊರಗೆ. ಹೆಸರು ಖಾಲಿಯಿರಬಾರದು, ತೀರ ಉದ್ದವಿರಬಾರದು, ಅದರೊಳಗೆ ಹೊಸಸಾಲಿನಂಥ ಕಂಟ್ರೋಲ್ ಅಕ್ಷರ ಇರಬಾರದು. ಅಷ್ಟು ಸಾಕು. ಹೊಸಸಾಲು ಯಾಕೆ ಬೇಡ ಎಂದರೆ, ಆ ಹೆಸರನ್ನು ಇಮೇಲ್‌ನ ಹೆಡರ್‌ಗೆ ಹಾಕಿದರೆ ಹೊಸ ಸಾಲಿನ ಜೊತೆ ಹೊಸ ಹೆಡರ್ ಸೇರಿಸಿ ನಿಮ್ಮ ಸರ್ವರ್‌ನಿಂದಲೇ ಸಾವಿರಾರು ಜನರಿಗೆ ಸ್ಪ್ಯಾಮ್ ಕಳಿಸಬಹುದು.

ಉದ್ದ ಅಳೆಯುವುದರಲ್ಲಿ ಕನ್ನಡಕ್ಕೆ ಅದರದೇ ತೊಡಕಿದೆ. 'ಕಾರವಾರ' ಎಂಬುದನ್ನು ನೋಡಿ. ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಕ, ದೀರ್ಘ, ರ, ವ, ದೀರ್ಘ, ರ ಎಂದು 6. ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಪಿಎಚ್‌ಪಿಯ ಸ್ಟ್ರ್‌ಲೆನ್ 18 ಅನ್ನುತ್ತದೆ, ಎಂಬಿ_ಸ್ಟ್ರ್‌ಲೆನ್ 6 ಅನ್ನುತ್ತದೆ. ಮಿತಿ 20 ಎಂದು ಮೊದಲಿನದರಿಂದ ಅಳೆದರೆ ಕನ್ನಡದಲ್ಲಿ ಬರೆದವರಿಗೆ ಈ ಊರಿನ ಹೆಸರೊಂದಕ್ಕೇ ಹೆಚ್ಚುಕಡಿಮೆ ಜಾಗವೆಲ್ಲ ಮುಗಿಯುತ್ತದೆ. ಕತ್ತರಿಸುವಾಗಲೂ ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಕೊನೆಯ ಅಕ್ಷರ ಅರ್ಧಕ್ಕೆ ತುಂಡಾಗಿ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಎಂಬಿಯಿಂದ ಶುರುವಾಗುವ ಫಂಕ್ಷನ್‌ಗಳನ್ನೇ ಬಳಸಿ.

ಇನ್ನೊಂದು ಕಾಣದ ಅಕ್ಷರ ಇದೆ. 'ರಾಜ್‌ಕುಮಾರ್' ಎಂದು ಬಿಡಿಸಿ ಕಾಣಲು ಜ್ ಆದ ಮೇಲೆ ಒಂದು ಅಗೋಚರ ಚಿಹ್ನೆ ಕೂತಿರುತ್ತದೆ, ಸೊನ್ನೆ ಅಗಲದ ನಾನ್‌ಜಾಯ್ನರ್. 'ಅದೃಶ್ಯ ಅಕ್ಷರಗಳನ್ನೆಲ್ಲ ತೆಗೆ' ಎಂದು ಎಲ್ಲೋ ಸಿಕ್ಕ ಕೋಡನ್ನು ಅಂಟಿಸಿದರೆ ಅದು ಹೋಗಿ 'ರಾಜ್ಕುಮಾರ್' ಆಗುತ್ತದೆ. ಕಂಟ್ರೋಲ್ ಅಕ್ಷರ ಬೇರೆ, ಇದು ಬೇರೆ. ಇದನ್ನು ಉಳಿಸಿ.

ಹಾಗೆಯೇ ಗೋಕರ್ಣದ 'ಗೋ'. ಅದರ ಓಕಾರ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿ ಬಿಡಿ ತುಂಡುಗಳಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ. ಹುಡುಕಿದರೆ ಸಿಗುವುದಿಲ್ಲ. ಪಿಎಚ್‌ಪಿಯ ನಾರ್ಮಲೈಜರ್‌ನಿಂದ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ತುಂಡುಗಳು ಕೂಡಿ ಒಂದೇ ಸಂಕೇತವಾಗುವ ರೂಪಕ್ಕೆ, ತಂದು ಇಟ್ಟುಕೊಳ್ಳಿ. ಒಳಗೆ ಬರುವಾಗ ಮಾಡಬೇಕಾದ ಬದಲಾವಣೆ ಇಂಥದ್ದು: ಅಕ್ಕಪಕ್ಕದ ಜಾಗ ತೆಗೆಯುವುದು, ಅಂಕಿ ಒಂದೇ ಲಿಪಿಗೆ ತರುವುದು, ಯೂನಿಕೋಡ್ ಒಂದೇ ರೂಪಕ್ಕೆ ತರುವುದು. ಅದಕ್ಕಿಂತ ಜಾಸ್ತಿ ಬೇಡ.

ಡೇಟಾಬೇಸ್‌ನ ಅಕ್ಷರ ಸೆಟ್ ಯುಟಿಎಫ್8ಎಂಬಿ4 ಇರಲಿ. ಮೈಎಸ್‌ಕ್ಯೂಎಲ್‌ನ ಹಳೇ ಯುಟಿಎಫ್8 ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಹಿಡಿಯುತ್ತದೆ. ಕನ್ನಡ ಹಿಡಿಸುತ್ತದೆ, ಎಮೋಜಿ ಹಿಡಿಸುವುದಿಲ್ಲ. ಯಾರೋ ಕೊನೆಗೆ 🙏 ಹಾಕಿದರು ಎಂದು ಬುಕಿಂಗ್ ಬೀಳಬಾರದು.

'ಬೇರೆ ಏನಾದರೂ ಹೇಳುವುದಿದ್ದರೆ' ಎಂಬ ಖಾನೆಗೂ ಇದೇ ನಿಯಮ, ಉದ್ದ ಸ್ವಲ್ಪ ಜಾಸ್ತಿ, ಹೊಸಸಾಲಿಗೆ ಅನುಮತಿ. ಇಲ್ಲಿ ಜನ ಎಚ್‌ಟಿಎಂಎಲ್ ಟ್ಯಾಗ್ ಕಿತ್ತುಹಾಕುವ ಸ್ಟ್ರಿಪ್_ಟ್ಯಾಗ್ಸ್ ಫಂಕ್ಷನ್ ಹಾಕುತ್ತಾರೆ. ಒಬ್ಬರು ಹೀಗೆ ಬರೆದರು ಅಂದುಕೊಳ್ಳಿ: 'ಮಗು <5 ವರ್ಷ, ಖಾರ ಕಡಿಮೆ, ಮೀನು ಬೇಡ'. ಆ ಫಂಕ್ಷನ್‌ಗೆ < ಚಿಹ್ನೆ ಕಂಡ ಕೂಡಲೆ ಟ್ಯಾಗ್ ಶುರುವಾಯಿತು ಅನಿಸುತ್ತದೆ, ಮುಚ್ಚುವ ಚಿಹ್ನೆ ಸಿಗದೆ ಉಳಿದದ್ದನ್ನೆಲ್ಲ ನುಂಗುತ್ತದೆ. ಅಡುಗೆಮನೆಗೆ ತಲುಪುವುದು 'ಮಗು' ಮಾತ್ರ. ಶಾಕಾಹಾರಿ ಅತಿಥಿಯ ಎಲೆಗೆ ಬಂಗಡೆ ಸಾರು ಬೀಳುತ್ತದೆ. ಪಿಎಚ್‌ಪಿಯವರೇ ಇದೇ ಬಗೆಯ ಸ್ಟ್ರಿಂಗ್ ಸ್ಯಾನಿಟೈಜ್ ಫಿಲ್ಟರನ್ನು 8.1ನೇ ಆವೃತ್ತಿಯಲ್ಲಿ, 2021ರಲ್ಲಿ, ಬಳಸಬೇಡಿ ಎಂದು ಬದಿಗಿಟ್ಟರು.

ಹೆಜ್ಜೆ 4: ಡೇಟಾಬೇಸ್‌ಗೆ ಹೋಗುವಾಗ

ಈಗ ಬಿಳಿ ಪುಟದ ಕಥೆ. ಕೋಡ್ ಎಸ್‌ಕ್ಯೂಎಲ್ ವಾಕ್ಯವನ್ನು ಪಠ್ಯ ಅಂಟಿಸಿ ಕಟ್ಟುತ್ತಿದ್ದರೆ ಕೊನೆಗೆ ಹೀಗಾಗುತ್ತದೆ:

ಹೆಸರು = 'ಡಿ'ಸೋಜಾ'

ಡೇಟಾಬೇಸ್‌ಗೆ ಹೆಸರು 'ಡಿ' ಎಂಬಲ್ಲಿಗೆ ಮುಗಿಯಿತು. ಮುಂದಿನ ಸೋಜಾ ಏನೆಂದು ತಿಳಿಯದೆ ಎರರ್ ಕೊಡುತ್ತದೆ. ಡಿ'ಸೋಜಾ ಅವರು ಸಾಧುಗಳು, ಎರರ್‌ಗೆ ನಿಂತಿತು. ಅದೇ ಜಾಗದಲ್ಲಿ ದುರುದ್ದೇಶದವನು ' ಆರ್ '1'='1 ಎಂದು ಹಾಕಿದರೆ ವಾಕ್ಯ ಸರಿಯಾಗಿಯೇ ಮುಗಿಯುತ್ತದೆ. ಅರ್ಥ ಮಾತ್ರ 'ಎಲ್ಲರ ದಾಖಲೆ ಕೊಡು' ಎಂದಾಗುತ್ತದೆ. ಇದು ಎಸ್‌ಕ್ಯೂಎಲ್ ಇಂಜೆಕ್ಷನ್. ಜೆಫ್ ಫಾರಿಸ್ಟಲ್ ಇದನ್ನು 1998ರಲ್ಲೇ ಬಹಿರಂಗವಾಗಿ ಬರೆದಿದ್ದರು. 2015ರಲ್ಲಿ ಬ್ರಿಟನ್ನಿನ ಟಾಕ್‌ಟಾಕ್ ಕಂಪನಿಯಿಂದ ಸುಮಾರು 1,57,000 ಗ್ರಾಹಕರ ಮಾಹಿತಿ ಹೋದದ್ದೂ ಇದೇ ದಾರಿಯಲ್ಲಿ.

ಪರಿಹಾರ ಪ್ರಿಪೇರ್ಡ್ ಸ್ಟೇಟ್‌ಮೆಂಟ್. ಬೆಲೆ ಬರಬೇಕಾದ ಕಡೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ವಾಕ್ಯವನ್ನು ಮೊದಲು ಕಳಿಸುತ್ತೀರಿ. ಡೇಟಾಬೇಸ್ ಅದರ ಅರ್ಥ ಮಾಡಿಕೊಂಡು ಕೂತಿರುತ್ತದೆ. ಆಮೇಲೆ ಬೆಲೆ ಬೇರೆಯಾಗಿ ಹೋಗುತ್ತದೆ. ಅದರಲ್ಲಿ ಗೀಟಿದ್ದರೂ ವಾಕ್ಯ ಬದಲಾಗಲು ಸಾಧ್ಯವೇ ಇಲ್ಲ. ಪಿಎಚ್‌ಪಿಯನ್ನು ಡೇಟಾಬೇಸ್‌ಗೆ ಜೋಡಿಸುವ ಪಿಡಿಒ ಬಳಸಿ, ಅದರಲ್ಲಿ ಎಮ್ಯುಲೇಟ್ ಪ್ರಿಪೇರ್ಸ್ ಎಂಬುದನ್ನು ಫಾಲ್ಸ್ ಮಾಡಿ. ನಿಮ್ಮ ಸೈಟ್‌ನಲ್ಲಿ ಮೈಎಸ್‌ಕ್ಯೂಎಲ್_ಕ್ವೆರಿ ಎಂಬ ಹಳೇ ಫಂಕ್ಷನ್ ಇನ್ನೂ ಓಡುತ್ತಿದ್ದರೆ ಅದು 7.0ಕ್ಕಿಂತ ಹಿಂದಿನ ಪಿಎಚ್‌ಪಿ. 2015ರಲ್ಲೇ ಅದನ್ನು ತೆಗೆದುಹಾಕಿದ್ದಾರೆ. ಫಿಲ್ಟರ್ ವಿಚಾರ ಆಮೇಲೆ, ಮೊದಲು ಆವೃತ್ತಿ ಏರಿಸಿ.

ಕಾಲಂನ ಹೆಸರು, ಏರಿಕೆ-ಇಳಿಕೆ ಕ್ರಮ ಇವನ್ನು ಪ್ರಶ್ನಾರ್ಥಕ ಚಿಹ್ನೆಯಲ್ಲಿ ಕಳಿಸಲು ಬರುವುದಿಲ್ಲ. 'ಬಾಡಿಗೆ ಪ್ರಕಾರ ಜೋಡಿಸು' ಎಂಬ ಸೌಲಭ್ಯ ಕೊಟ್ಟಿದ್ದರೆ ಅಲ್ಲಿ ಮತ್ತೆ ಬೇಕಾದವುಗಳ ಪಟ್ಟಿಯೇ ಗತಿ. ಡೇಟಾಬೇಸ್‌ಗೆ ಸೇರುವ ಬಳಕೆದಾರನಿಗೂ ಟೇಬಲ್ ಅಳಿಸುವ ಅಧಿಕಾರ ಕೊಡಬೇಡಿ, ಬುಕಿಂಗ್‌ಗೆ ಅದು ಬೇಕಾಗುವುದೇ ಇಲ್ಲ.

ಹೆಜ್ಜೆ 5: ಪರದೆಗೆ, ಬಿಲ್‌ಗೆ, ಎಕ್ಸೆಲ್‌ಗೆ ಹೋಗುವಾಗ

ಮಾಲೀಕರು ಬೆಳಗ್ಗೆ ಅಡ್ಮಿನ್ ಪುಟ ತೆರೆದು ಬುಕಿಂಗ್ ನೋಡುತ್ತಾರೆ. ಹೆಸರಿನ ಜಾಗದಲ್ಲಿ ಯಾರೋ ಸ್ಕ್ರಿಪ್ಟ್ ಟ್ಯಾಗ್ ಬರೆದಿದ್ದರೆ, ಅದು ಹಾಗೇ ಪುಟಕ್ಕೆ ಬಂದರೆ, ಮಾಲೀಕರ ಬ್ರೌಸರ್‌ನಲ್ಲಿ, ಮಾಲೀಕರ ಲಾಗಿನ್‌ನಲ್ಲೇ ಅದು ಓಡುತ್ತದೆ. 2005ರ ಅಕ್ಟೋಬರ್‌ನಲ್ಲಿ ಮೈಸ್ಪೇಸ್‌ನಲ್ಲಿ ಸ್ಯಾಮಿ ಎಂಬ ವರ್ಮ್ ಹೀಗೇ ಹಬ್ಬಿ ಒಂದು ದಿನದೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಪ್ರೊಫೈಲ್ ಮುಟ್ಟಿತ್ತು.

ಎಚ್‌ಟಿಎಂಎಲ್‌ಗೆ ಬರೆಯುವಾಗ, ಆಗ ಮಾತ್ರ, ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಬಳಸಿ (ಟ್ಯಾಗ್‌ನ ಚಿಹ್ನೆಗಳನ್ನು ಬರಿ ಪಠ್ಯವಾಗಿ ಕಾಣುವ ಸಂಕೇತಕ್ಕೆ ಬದಲಿಸುತ್ತದೆ, ಇದಕ್ಕೆ ಎಸ್ಕೇಪ್ ಎನ್ನುತ್ತಾರೆ). ಪಿಎಚ್‌ಪಿ 8.1ಕ್ಕಿಂತ ಹಳೆಯದಾದರೆ ಅದು ತಾನಾಗಿ ಗೀಟನ್ನು ಮುಟ್ಟುವುದಿಲ್ಲ, ಎರಡೂ ಬಗೆಯ ಉದ್ಧರಣ ಚಿಹ್ನೆ ಸೇರಿಸು ಎಂದು ಆಯ್ಕೆ ಕೊಡಬೇಕು. ಟ್ಯಾಗ್‌ನ ಗುಣಲಕ್ಷಣಗಳ (ಆಟ್ರಿಬ್ಯೂಟ್) ಬೆಲೆಯನ್ನು ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ ಇಡಿ. ಬ್ಲೇಡ್, ಟ್ವಿಗ್, ಜಾಂಗೊ ಟೆಂಪ್ಲೇಟ್‌ಗಳು ಈ ಕೆಲಸ ತಾವೇ ಮಾಡುತ್ತವೆ. ಅಲ್ಲಿ 'ಕಚ್ಚಾ' ಎಂದು ಬಿಟ್ಟುಕೊಟ್ಟ ಜಾಗಗಳನ್ನು ಮಾತ್ರ ಹುಡುಕಿ ನೋಡಿ.

ಡಿ&#039;ಸೋಜಾ ಬಿಲ್ ಮೇಲೆ ಬಂದದ್ದು ಯಾಕೆ ಎಂಬುದು ಈಗ ಸ್ಪಷ್ಟ. ಯಾರೋ ಈ ಫಂಕ್ಷನನ್ನು ಡೇಟಾಬೇಸ್‌ಗೆ ಇಡುವ ಮೊದಲೇ ಓಡಿಸಿದ್ದಾರೆ. ವೆಬ್ ಪುಟದಲ್ಲಿ ಸರಿಯಾಗಿ ಕಾಣುತ್ತದೆ. ಪಿಡಿಎಫ್ ಬಿಲ್‌ಗೆ, ಎಸ್‌ಎಂಎಸ್‌ಗೆ, ವಾಟ್ಸ್‌ಆ್ಯಪ್‌ಗೆ ಎಚ್‌ಟಿಎಂಎಲ್ ಗೊತ್ತಿಲ್ಲ.

ಜಾವಾಸ್ಕ್ರಿಪ್ಟ್ ಒಳಗೆ ಬೆಲೆ ಹಾಕಬೇಕಾದರೆ ಜೇಸನ್ ಎನ್‌ಕೋಡ್, ಯುಆರ್‌ಎಲ್ ಒಳಗಾದರೆ ಯುಆರ್‌ಎಲ್ ಎನ್‌ಕೋಡ್. ಗ್ರಾಹಕರು ಕೊಟ್ಟ ಲಿಂಕ್ ತೋರಿಸುವುದಿದ್ದರೆ ಅದು ಎಚ್‌ಟಿಟಿಪಿಎಸ್‌ನಿಂದ ಶುರುವಾಗುತ್ತದಾ ನೋಡಿ. ಜಾವಾಸ್ಕ್ರಿಪ್ಟ್ ಎಂದು ಶುರುವಾಗುವ ಲಿಂಕ್‌ಗಳೂ ಇವೆ.

ಎಕ್ಸೆಲ್ ಕಡೆ ಯಾರೂ ಯೋಚಿಸುವುದಿಲ್ಲ. ತಿಂಗಳ ಕೊನೆಗೆ ಬುಕಿಂಗ್ ಪಟ್ಟಿಯನ್ನು ಸಿಎಸ್‌ವಿ ಮಾಡಿ ಲೆಕ್ಕ ನೋಡುವವರಿಗೆ ಕಳಿಸುತ್ತಾರೆ. ಒಂದು ಖಾನೆ =, +, -, @ ಇವುಗಳಲ್ಲೊಂದರಿಂದ ಶುರುವಾದರೆ ಎಕ್ಸೆಲ್ ಅದನ್ನು ಸೂತ್ರ ಎಂದು ಓದುತ್ತದೆ. ರಫ್ತು ಮಾಡುವಾಗ ಅಂಥ ಖಾನೆಯ ಮುಂದೆ ಒಂದು ಗೀಟು ಸೇರಿಸಿ. +91ರಿಂದ ಶುರುವಾಗುವ ಫೋನ್ ನಂಬರ್‌ಗೂ ಇದು ಒಳ್ಳೆಯದೇ.

ಹೆಜ್ಜೆ 6: ಗುರುತಿನ ಚೀಟಿಯ ಫೋಟೊ

ಮೊದಲ ಪ್ರಶ್ನೆ, ಅದು ಫಾರ್ಮ್‌ನಲ್ಲಿ ಬೇಕಾ? ಬಂದಾಗ ಎದುರಿಗೇ ನೋಡಿದರೆ ಸಾಕಲ್ವಾ? ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಅವರ ವಿವರ ಸರ್ಕಾರಕ್ಕೆ ಕೊಡಲೇಬೇಕು. ಅದಕ್ಕೂ ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದು ಅವರು ಎದುರು ನಿಂತಿರುತ್ತಾರೆ. ತೆಗೆದುಕೊಳ್ಳದ ಮಾಹಿತಿ ಸೋರುವುದಿಲ್ಲ. ಆಧಾರ್ ಬೇಕೇ ಬೇಕು ಎಂದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ರಕ್ಷಣೆ ಮಾಡದಿದ್ದವರಿಗೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು.

ತೆಗೆದುಕೊಳ್ಳುವುದೇ ಆದರೆ: ಫೈಲ್‌ನ ಹೆಸರನ್ನೂ ಅದರ ಬಾಲವನ್ನೂ ನಂಬಬೇಡಿ, ಬ್ರೌಸರ್ ಹೇಳುವ ಬಗೆಯನ್ನೂ ನಂಬಬೇಡಿ. ಫೈಲ್‌ನ ಬಗೆ ಪತ್ತೆ ಮಾಡುವ ಪಿಎಚ್‌ಪಿಯ ಫೈನ್‌ಫೊದಿಂದ ಒಳಗಿನದನ್ನು ನೋಡಿ ಜೆಪೆಗ್ ಅಥವಾ ಪಿಎನ್‌ಜಿ ಮಾತ್ರ ಒಪ್ಪಿ. ಎಸ್‌ವಿಜಿ ಚಿತ್ರದಂತೆ ಕಂಡರೂ ಅದರೊಳಗೆ ಸ್ಕ್ರಿಪ್ಟ್ ಇರಬಹುದು, ಬೇಡ. ಗಾತ್ರಕ್ಕೆ ಮಿತಿ ಇರಲಿ. ಚಿತ್ರವನ್ನು ಜಿಡಿ ಲೈಬ್ರರಿಯಿಂದ ತೆರೆದು ಹೊಸದಾಗಿ ಬರೆಸಿ. ಆಗ ಒಳಗೆ ಅಡಗಿಸಿದ ಕೋಡೂ ಬಹುಮಟ್ಟಿಗೆ ಹೋಗುತ್ತದೆ, ಫೋಟೊ ತೆಗೆದ ಜಾಗದ ಜಿಪಿಎಸ್ ವಿವರವೂ ಹೋಗುತ್ತದೆ. ಹೊಸ ಯಾದೃಚ್ಛಿಕ ಹೆಸರು ಕೊಟ್ಟು ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್‌ನ ಹೊರಗೆ ಇಡಿ. ಅತಿಥಿ ಹೋದ ಮೇಲೆ ಕಾನೂನಿಗೆ ಬೇಕಾದಷ್ಟು ಕಾಲ ಇಟ್ಟು ಅಳಿಸಿ.

ಹೆಜ್ಜೆ 7: ವಾಪಸ್ ಕಳಿಸುವಾಗ ಮರ್ಯಾದೆ ಇರಲಿ

ಒಂದು ಖಾನೆ ತಪ್ಪಿದರೆ ಫಾರ್ಮ್ ಪೂರ್ತಿ ಖಾಲಿ ಮಾಡಿ ಕಳಿಸುವುದು ದೊಡ್ಡ ಕಿರಿಕಿರಿ. ತುಂಬಿದ್ದೆಲ್ಲ ಹಾಗೇ ಇರಲಿ (ಎಸ್ಕೇಪ್ ಮಾಡಿ ತೋರಿಸಿ, ಇದೂ ಪರದೆಯೇ), ತಪ್ಪಿದ ಖಾನೆಯ ಕೆಳಗೆ ಏನು ಬೇಕು ಎಂದು ಹೇಳಿ. 'ಅಮಾನ್ಯ ಇನ್‌ಪುಟ್' ಎಂದರೆ ಯಾರಿಗೆ ಅರ್ಥವಾಗುತ್ತದೆ? 'ಮೊಬೈಲ್ ನಂಬರ್ 10 ಅಂಕಿ ಇರಬೇಕು' ಅನ್ನಿ. ಡೇಟಾಬೇಸ್‌ನ ಎರರ್ ಮಾತ್ರ ಗ್ರಾಹಕರಿಗೆ ಕಾಣಬಾರದು. ಅದು ಲಾಗ್ ಫೈಲ್‌ಗೆ ಹೋಗಲಿ, ಅಲ್ಲೂ ಆಧಾರ್ ಸಂಖ್ಯೆ ಬರೆಯಬೇಡಿ. ಬೇರೆ ಸೈಟ್‌ನಿಂದ ಗ್ರಾಹಕರ ಹೆಸರಲ್ಲಿ ನಕಲಿ ಸಬ್ಮಿಟ್ ಬರದಂತೆ ಫಾರ್ಮ್‌ಗೆ ಸಿಎಸ್‌ಆರ್‌ಎಫ್ ಟೋಕನ್ ಹಾಕಿ. ಒಂದೇ ಕಡೆಯಿಂದ ನಿಮಿಷಕ್ಕೆ ಇಷ್ಟು ಎಂದು ಮಿತಿ ಹಾಕಿ.

ಹೆಜ್ಜೆ 8: ಮಳೆಗಾಲದಲ್ಲಿ ಪರೀಕ್ಷೆ

ಜೂನ್, ಜುಲೈನಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧ, ಬೀಚ್‌ಗೂ ಜನ ಕಡಿಮೆ. ಸೈಟ್ ತಿದ್ದಲು ಅದೇ ಸಮಯ. ಸೈಟ್‌ನ ಒಂದು ಪ್ರತಿ ಬೇರೆ ಫೋಲ್ಡರ್‌ನಲ್ಲಿ ಹಾಕಿಕೊಂಡು ಒಂದೊಂದಾಗಿ ಕೊಡುತ್ತ ಹೋಗಿ: ಡಿ'ಸೋಜಾ, ರಾಜ್‌ಕುಮಾರ್, ಮಕ್ಕಳು 0, ದೊಡ್ಡವರು -3, ಕನ್ನಡ ಅಂಕಿಯ ಮೊಬೈಲ್, ಫೆಬ್ರವರಿ 30, ಪಟ್ಟಿಯಲ್ಲಿಲ್ಲದ ಐದನೇ ಕೋಣೆ, ಮಗು <5 ವರ್ಷ, ಕೊನೆಗೊಂದು 🙏. ಪರದೆ, ಬಿಲ್, ಎಸ್‌ಎಂಎಸ್, ಎಕ್ಸೆಲ್ ನಾಲ್ಕೂ ಕಡೆ ನೋಡಿ. ನಿಮ್ಮ ಸೈಟ್‌ನಲ್ಲಿ ಮಾತ್ರ. ಪಕ್ಕದ ಹೋಂಸ್ಟೇಯ ಸೈಟ್‌ನಲ್ಲಿ ಹೇಳದೆ ಕೇಳದೆ ಇದನ್ನು ಮಾಡಿದರೆ 2000ರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅದು ಅಪರಾಧವಾಗಬಹುದು.

ಹಳೇ ಡೇಟಾ ಉಳಿಯಿತು. ಈಗಾಗಲೇ ಡಿ&#039;ಸೋಜಾ ಎಂದು ಕೂತಿರುವ ಸಾಲುಗಳನ್ನು ಹಾಗೇ ಬಿಟ್ಟು ಹೊರಗೆ ಹೋಗುವಾಗ ಎಸ್ಕೇಪ್ ಮಾಡಲು ಶುರು ಮಾಡಿದರೆ ವೆಬ್ ಪುಟದಲ್ಲೂ ಹಾಗೇ ಕಾಣುತ್ತದೆ. ಮೊದಲು ಬ್ಯಾಕಪ್ ತೆಗೆಯಿರಿ. &# ಇರುವ ಸಾಲುಗಳನ್ನೂ ಇದೇ ಬಗೆಯ ಬೇರೆ ಸಂಕೇತಗಳಿರುವ ಸಾಲುಗಳನ್ನೂ ಹುಡುಕಿ ಕಣ್ಣಾಡಿಸಿ. ಆಮೇಲೆ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್_ಡಿಕೋಡ್‌ನಿಂದ ಒಂದೇ ಒಂದು ಸಲ ಬಿಡಿಸಿ. ಇಲ್ಲೂ ಎರಡೂ ಬಗೆಯ ಉದ್ಧರಣ ಚಿಹ್ನೆಯ ಆಯ್ಕೆ ಬೇಕು. ಬಿಡಿಸಿದ್ದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಮೂಲಕವೇ ವಾಪಸ್ ಬರೆಯಿರಿ. ಹೊಸ ಟೆಂಪ್ಲೇಟ್ ಸೈಟ್‌ಗೆ ಏರಿದ ಮೇಲೆಯೇ ಇದನ್ನು ಮಾಡಿ, ಅದಕ್ಕಿಂತ ಮೊದಲಲ್ಲ. ಮೊದಲೇ ಬಿಡಿಸಿದರೆ ಹಳೇ ಪುಟದಲ್ಲಿ ಯಾರೋ ಎಂದೋ ಹಾಕಿಟ್ಟ ಸ್ಕ್ರಿಪ್ಟ್ ಎದ್ದು ಓಡಬಹುದು.